ರಾತ್ರಿ 2 ಗಂಟೆಯ ಚಿಂತೆ

ನನಗೀಗ 68. ಶಿರಸಿ ಪೇಟೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ, ತೋಟ. ಮನೆಯವರು ತೀರಿಕೊಂಡ ಮೇಲೆ ಬಂದ ಮೊದಲ ಮಳೆಗಾಲ ಬಹಳ ಕಷ್ಟವಾಯಿತು. ರಾತ್ರಿ 2 ಗಂಟೆಗೆ ಎಚ್ಚರ. ಹಂಚಿನ ಮೇಲೆ ಮಳೆ ಹೊಯ್ಯುತ್ತಿರುತ್ತಿತ್ತು. ತಲೆಯಲ್ಲಿ ಒಂದೇ ಮಾತು: ಅಡಿಕೆಗೆ ಕೊಳೆರೋಗ ಬಂತಾ? ಎದೆ ಡವಡವ. ಬೆಂಗಳೂರಿನ ಮಗ ಫೋನ್ ಮಾಡಿದಾಗಲೆಲ್ಲ, "ಆಯಿ, ನೀ ಸುಮ್ನೆ ಆರಾಮಿರು" ಎನ್ನುತ್ತಿದ್ದ. ಪ್ರೀತಿಯ ಮಾತೇ. ಆದರೆ ಸುಮ್ಮನೆ ಕೂತಷ್ಟೂ ಚಿಂತೆ ಜಾಸ್ತಿಯಾಯಿತು.

ಬಿಪಿ ಏರಿತ್ತು. ಡಾಕ್ಟರು ಕೊಟ್ಟ ಮಾತ್ರೆ ಇವತ್ತಿಗೂ ಬಿಟ್ಟಿಲ್ಲ. ಜೊತೆಗೆ ಅವರು ಉಸಿರಾಟದ ಒಂದು ರೂಢಿ ಹೇಳಿಕೊಟ್ಟರು: 4 ಎಣಿಸುತ್ತ ಒಳಗೆ, 6 ಎಣಿಸುತ್ತ ಹೊರಗೆ. ಉಸಿರು ನಿಧಾನಕ್ಕೆ ಬಿಟ್ಟಾಗ ಎದೆಬಡಿತವೂ ಇಳಿಯುತ್ತದೆ. ಐದು ನಿಮಿಷದಲ್ಲಿ ಮೈ ಹಗುರಾಗುತ್ತಿತ್ತು. ಚಿಂತೆ ಮಾತ್ರ ಅಲ್ಲೇ ಇರುತ್ತಿತ್ತು.

ಅದಕ್ಕೆ ಸಿಕ್ಕಿದ್ದು ಮನೆಯವರ ಅಡಿಕೆ ಲೆಕ್ಕದ ಪುಸ್ತಕ. ಅರ್ಧ ಖಾಲಿ ಇತ್ತು. ಸಂಜೆ ದೀಪ ಹಚ್ಚಿದ ಮೇಲೆ ಕೂತು, ಎಡಗಡೆ ಚಿಂತೆ, ಬಲಗಡೆ ಅದಕ್ಕೇನು ಮಾಡಬೇಕು ಅಂತ ಬರೆಯತೊಡಗಿದೆ. ಎಡಗಡೆ, "ಎರಡನೇ ಸಲ ಮದ್ದು ಹೊಡೆದಿಲ್ಲ." ಬಲಗಡೆ, "ನಾಳೆ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನಿಗೆ ಫೋನ್. ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್." ಒಂದು ದಿನ ಎಡಗಡೆ "ಅವರಿಲ್ಲ" ಎಂದು ಬರೆದೆ. ಬಲಗಡೆ ಏನೂ ಹೊಳೆಯಲಿಲ್ಲ. ಖಾಲಿ ಬಿಡಬಹುದು ಅಂತ ಒಪ್ಪಿಕೊಳ್ಳಲು ನನಗೆ ಎರಡು ತಿಂಗಳು ಬೇಕಾಯಿತು.

ಊಟ, ನಿದ್ದೆ ಎರಡೂ ಬಿಟ್ಟುಹೋಗಿ ಹದಿನೈದು ದಿನವಾದರೆ ದಯವಿಟ್ಟು ಡಾಕ್ಟರ ಹತ್ತಿರ ಹೋಗಿ. ಮಾತಾಡಲು ಯಾರೂ ಇಲ್ಲದಿದ್ದರೆ ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. 2022ರಲ್ಲಿ ಶುರುವಾದದ್ದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಬರೆದರೂ ಮುಗಿಯದ್ದು ಜನರ ನಡುವೆ ಕರಗಿತು. ಕೊಯ್ಲು ಶುರುವಾದಾಗ ಪಕ್ಕದ ಮನೆಯ ಜಗಲಿಗೆ ಅಡಿಕೆ ಸುಲಿಯಲು ಹೋದೆ. ಮೊದಲ ದಿನ ಸಂಕೋಚ, ಎಲ್ಲರೂ ಅವರ ಬಗ್ಗೆಯೇ ಕೇಳುತ್ತಾರಲ್ವಾ ಅಂತ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತರೆ ಕಣ್ಣು, ಕೈ ಎರಡೂ ಅಲ್ಲೇ ಇರಬೇಕು, ಇಲ್ಲದಿದ್ದರೆ ಬೆರಳಿಗೆ ಗಾಯ. ಅಂದು ಎದುರಿಗೆ ಕೂತಿದ್ದ ಅಕ್ಕ ಗಂಡನನ್ನು ಕಳೆದುಕೊಂಡು ಹದಿನೈದು ವರ್ಷವಾಗಿತ್ತು. ಕವಳದ (ಎಲೆ-ಅಡಿಕೆಯ) ಬಟ್ಟಲು ನನ್ನ ಕಡೆ ಸರಿಸಿ, "ನಂಗೂ ರಾತ್ರಿ ಎಚ್ಚರಾಗ್ತು ತಂಗಿ" ಎಂದಳು. ಅಷ್ಟೇ ಮಾತು. ಇಬ್ಬರೂ ಸುಲಿಯುತ್ತ ಕೂತೆವು.

ಈಗ ಮಗನಿಗೆ ಹೇಳಿಟ್ಟಿದ್ದೇನೆ, ಸುಲಿತದ ದಿನಗಳಲ್ಲಿ 9 ಗಂಟೆಯ ಮೇಲೆ ಫೋನ್ ಮಾಡು ಅಂತ.