ಅಂಕಿಗಿಂತ ಮೊದಲು ವಿಂಗಡಣೆ: ಚಿಕ್ಕ ಮಕ್ಕಳೊಂದಿಗೆ ನನ್ನ ಅನುಭವ

ಮೂರರಿಂದ ಆರು ವರ್ಷದ ಮಕ್ಕಳಿಗೆ ಗಣಿತವನ್ನು ಅಂಕಿಗಳಿಂದ ಆರಂಭಿಸದೆ ವಸ್ತುಗಳ ವಿಂಗಡಣೆಯಿಂದ ಆರಂಭಿಸುವುದು ನಾನು ಬಹುಕಾಲದಿಂದ ಅನುಸರಿಸಿಕೊಂಡು ಬಂದಿರುವ ಕ್ರಮ. ‘ಕೆಂಪು ಗುಂಡಿಗಳು ಎಷ್ಟಿವೆ?’ ಎಂಬ ಸರಳ ಪ್ರಶ್ನೆಗೆ ಉತ್ತರಿಸಬೇಕಾದರೂ ಮಗು ಮೊದಲು ಕೆಂಪಲ್ಲದವುಗಳನ್ನು ಮನಸ್ಸಿನಲ್ಲೇ ಬದಿಗೆ ಸರಿಸಬೇಕು. ಆ ಶಕ್ತಿ ಬರುವುದಕ್ಕೆ ಮೊದಲೇ ಒಂದರಿಂದ ನೂರರವರೆಗೆ ಬಾಯಿಪಾಠ ಮಾಡಿಸಿದರೆ ಮಗುವಿಗೆ ದಕ್ಕುವುದು ಪದಗಳ ಸಾಲೇ ಹೊರತು ಸಂಖ್ಯೆಯಲ್ಲ.

ಇದಕ್ಕೆ ನಾನು ಹೆಚ್ಚಾಗಿ ಬಳಸುವುದು ಹಳೆಯ ಬಟ್ಟೆಗಳಿಂದ ಬಿಚ್ಚಿಟ್ಟ ಗುಂಡಿಗಳನ್ನು. ಬಣ್ಣ, ಗಾತ್ರ, ದಪ್ಪ, ಹೊಳಪು, ಎರಡು ತೂತು ಅಥವಾ ನಾಲ್ಕು ತೂತು ಎಂಬ ಹಲವು ಗುಣಗಳು ಒಂದೇ ಚಿಕ್ಕ ವಸ್ತುವಿನಲ್ಲಿ ಸೇರಿರುವುದರಿಂದ ಅದೇ ರಾಶಿಯನ್ನು ಬೇರೆ ಬೇರೆ ರೀತಿಯಲ್ಲಿ ವಿಂಗಡಿಸಲು ಸಾಧ್ಯವಾಗುತ್ತದೆ. ಆದರೆ ಮೂರು ವರ್ಷ ತುಂಬದ ಮಕ್ಕಳ ಕೈಗೆ, ಹಾಗೆಯೇ ಇನ್ನೂ ಎಲ್ಲವನ್ನೂ ಬಾಯಿಗಿಡುವ ಮಕ್ಕಳ ಕೈಗೆ, ಗುಂಡಿಗಳನ್ನು ಎಂದಿಗೂ ಕೊಡುವುದಿಲ್ಲ, ಏಕೆಂದರೆ ಅವು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಅವರಿಗೆ ದೊಡ್ಡ ಡಬ್ಬಿಗಳ ಮುಚ್ಚಳ, ಚಮಚ, ಕಾಲುಚೀಲಗಳಂಥ ವಸ್ತುಗಳೇ ಸಾಕು.

ರಾಶಿಯನ್ನು ಮುಂದಿಟ್ಟಾಗ ‘ಬಣ್ಣದ ಪ್ರಕಾರ ಬೇರೆ ಮಾಡು’ ಎಂದು ನಾನು ಹೇಳುವುದಿಲ್ಲ. ‘ಯಾವುದು ಯಾವುದರ ಜೊತೆ ಇರಬೇಕು, ನೀನೇ ಇಡು’ ಎನ್ನುತ್ತೇನೆ. ನಿಯಮವನ್ನು ನಾವೇ ಕೊಟ್ಟುಬಿಟ್ಟರೆ ಮಗುವಿಗೆ ಉಳಿಯುವುದು ಕೈಕೆಲಸ ಮಾತ್ರ. ವಿಂಗಡಣೆಯಲ್ಲಿರುವ ಯೋಚನೆಯ ಕೆಲಸವನ್ನು ನಾವು ಮಾಡಿ ಮುಗಿಸಿರುತ್ತೇವೆ. ಒಮ್ಮೆ ನಾಲ್ಕು ವರ್ಷದ ಹುಡುಗಿಯೊಬ್ಬಳು ದೊಡ್ಡ ಕೆಂಪು ಗುಂಡಿಯ ಪಕ್ಕದಲ್ಲಿ ಚಿಕ್ಕ ಕೆಂಪು, ಅದರ ಪಕ್ಕದಲ್ಲಿ ಚಿಕ್ಕ ಹಳದಿ, ಆಮೇಲೆ ದೊಡ್ಡ ಹಳದಿ ಎಂದು ಸಾಲಾಗಿ ಇಡುತ್ತಾ ಹೋದಳು. ನೋಡುವವರಿಗೆ ಅದು ಗೊಂದಲವಾಗಿ ಕಾಣಬಹುದು. ಆದರೆ ಪ್ರತಿ ಗುಂಡಿಗೂ ಅದರ ಹಿಂದಿನ ಗುಂಡಿಗೂ ಏನೋ ಒಂದು ಸಾಮ್ಯವಿತ್ತು. ಇಡೀ ಸಾಲಿಗೆ ಒಂದೇ ನಿಯಮವಿರಲಿಲ್ಲ, ಅಷ್ಟೆ. ರಷ್ಯಾದ ಮನೋವಿಜ್ಞಾನಿ ಲೆವ್ ವೈಗೋಟ್‌ಸ್ಕಿ ಇಂಥ ಜೋಡಣೆಯನ್ನು ‘ಸರಪಳಿ’ ಎಂದು ಗುರುತಿಸಿ, ಪರಿಕಲ್ಪನೆ ರೂಪುಗೊಳ್ಳುವ ಹಾದಿಯ ಒಂದು ಹಂತವೆಂದು ವಿವರಿಸಿದ್ದಾರೆ. ನಾನು ಅವಳ ಸಾಲನ್ನು ತಿದ್ದಲಿಲ್ಲ. ‘ಇದನ್ನು ಇದರ ಪಕ್ಕ ಯಾಕಿಟ್ಟೆ, ಪುಟ್ಟಾ?’ ಎಂದು ಒಂದೊಂದನ್ನೂ ಮುಟ್ಟಿ ಕೇಳಿದೆ. ಉತ್ತರ ಹೇಳುತ್ತಾ ಹೇಳುತ್ತಾ ಅವಳೇ ಎರಡು ಹಳದಿ ಗುಂಡಿಗಳನ್ನು ಎತ್ತಿ ಬೇರೆ ತಟ್ಟೆಗೆ ಹಾಕಿದಳು. ಈ ‘ಯಾಕೆ’ ಎಂಬ ಪ್ರಶ್ನೆಗಿಂತ ಒಳ್ಳೆಯ ಬೋಧನೋಪಕರಣವನ್ನು ನಾನು ಕಂಡಿಲ್ಲ.

ಒಂದು ರೀತಿಯಲ್ಲಿ ವಿಂಗಡಿಸಿದ್ದನ್ನು ಕಲಸಿ ಇನ್ನೊಂದು ರೀತಿಯಲ್ಲಿ ವಿಂಗಡಿಸುವುದು ಮುಂದಿನ ಹೆಜ್ಜೆ, ಮತ್ತು ಇದು ದೊಡ್ಡವರು ಎಣಿಸಿದ್ದಕ್ಕಿಂತ ಬಹಳ ಕಷ್ಟದ್ದು. ಬಣ್ಣದ ಪ್ರಕಾರ ಕಾರ್ಡುಗಳನ್ನು ಬೇರೆ ಮಾಡಿದ ಮೂರು ವರ್ಷದ ಮಕ್ಕಳಿಗೆ ‘ಈಗ ಆಕಾರದ ಪ್ರಕಾರ ಮಾಡು’ ಎಂದಾಗ ಅವರಲ್ಲಿ ಅನೇಕರು ಹೊಸ ನಿಯಮವನ್ನು ಬಾಯಲ್ಲಿ ಸರಿಯಾಗಿ ಹೇಳುತ್ತಲೇ ಕೈಯಲ್ಲಿ ಹಳೆಯ ನಿಯಮವನ್ನೇ ಮುಂದುವರಿಸುತ್ತಾರೆಂಬುದನ್ನು ಸಂಶೋಧಕರು ತೋರಿಸಿದ್ದಾರೆ. ಐದು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಈ ಬದಲಾವಣೆ ಸಾಧ್ಯವಾಗುತ್ತದೆ. ಇದನ್ನು ಹಟವೆಂದು ಭಾವಿಸಿ ಗದರುವ ಪೋಷಕರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನಾನು ತಟ್ಟೆಗಳನ್ನು ಬದಲಿಸಿ, ಸ್ವಲ್ಪ ಹೊತ್ತು ಬೇರೆ ಆಟವಾಡಿಸಿ, ಪ್ರತಿ ಗುಂಡಿಯನ್ನು ಇಡುವ ಮೊದಲು ಅದರ ಗುಣವನ್ನು ‘ದೊಡ್ಡದು’, ‘ಚಿಕ್ಕದು’ ಎಂದು ಮಗುವಿನಿಂದಲೇ ಗಟ್ಟಿಯಾಗಿ ಹೇಳಿಸುತ್ತೇನೆ. ಹಾಗೆ ಹೇಳಿದಾಗ ಕೈ ಸರಿಯಾದ ತಟ್ಟೆಯ ಕಡೆಗೆ ಹೋಗುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಗುಂಪುಗಳು ಸಿದ್ಧವಾದ ಮೇಲೆ ಎಣಿಕೆ ತಾನಾಗಿಯೇ ಬರುತ್ತದೆ, ಏಕೆಂದರೆ ಯಾವ ಗುಂಪಿನಲ್ಲಿ ಹೆಚ್ಚಿದೆ ಎಂಬ ಕುತೂಹಲ ಮಕ್ಕಳಿಗೇ ಹುಟ್ಟಿರುತ್ತದೆ. ಮೊದಲು ಎಣಿಸದೆಯೇ ಹೋಲಿಸುತ್ತೇವೆ: ಕೆಂಪು ಗುಂಡಿಗಳನ್ನು ಒಂದು ಸಾಲಿನಲ್ಲಿಟ್ಟು, ಪ್ರತಿಯೊಂದರ ಎದುರಿಗೂ ಒಂದೊಂದು ನೀಲಿ ಗುಂಡಿಯನ್ನಿಟ್ಟು, ಜೋಡಿ ಸಿಗದೆ ಉಳಿದದ್ದು ಯಾವುದೆಂದು ನೋಡುತ್ತೇವೆ. ಆಮೇಲೆ ಎಣಿಕೆ. ಮನೋವಿಜ್ಞಾನಿಗಳಾದ ರೋಚೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಅವರು 1978ರಲ್ಲಿ ವಿವರಿಸಿದ ಎಣಿಕೆಯ ಐದು ತತ್ತ್ವಗಳಲ್ಲಿ ನಾನು ಹೆಚ್ಚು ಗಮನ ಕೊಡುವುದು ಕೊನೆಯಲ್ಲಿ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಸಂಖ್ಯೆ ಎಂಬ ತತ್ತ್ವಕ್ಕೆ. ಐದು ಗುಂಡಿಗಳನ್ನು ತಪ್ಪಿಲ್ಲದೆ ಎಣಿಸಿದ ಮಗುವನ್ನು ‘ಒಟ್ಟು ಎಷ್ಟು?’ ಎಂದು ಕೇಳಿದಾಗ ಅದು ಮತ್ತೆ ಒಂದರಿಂದ ಎಣಿಸತೊಡಗಿದರೆ ಈ ಅರಿವು ಇನ್ನೂ ಗಟ್ಟಿಯಾಗಿಲ್ಲವೆಂದು ತಿಳಿಯುತ್ತೇನೆ. ಅಂಥ ಮಗುವಿನೊಂದಿಗೆ ಎರಡು ಮೂರು ಗುಂಡಿಗಳಿಗೇ ಹಿಂತಿರುಗುತ್ತೇನೆ. ಅಷ್ಟನ್ನು ಎಣಿಸದೆ ನೋಡಿದೊಡನೆ ಗುರುತಿಸಬಹುದಾದ್ದರಿಂದ, ಎಣಿಸಿ ಬಂದ ಉತ್ತರವೂ ಕಣ್ಣಿಗೆ ಕಂಡ ಉತ್ತರವೂ ಒಂದೇ ಎಂಬುದು ಅದಕ್ಕೆ ಸ್ಪಷ್ಟವಾಗುತ್ತದೆ. ‘ನನಗೆ ಮೂರು ಕೊಡು’ ಎಂದು ಕೇಳಿ ಪರೀಕ್ಷಿಸುವುದೂ ಉಪಯುಕ್ತ, ಏಕೆಂದರೆ ಹತ್ತರವರೆಗೆ ಸರಾಗವಾಗಿ ಹೇಳುವ ಮಕ್ಕಳು ಇಲ್ಲಿ ಹಿಡಿ ತುಂಬ ಎತ್ತಿಕೊಡುವುದುಂಟು.

ಐದು ಕೆಂಪು, ಎರಡು ನೀಲಿ ಗುಂಡಿಗಳನ್ನಿಟ್ಟು ‘ಕೆಂಪು ಗುಂಡಿ ಹೆಚ್ಚೋ, ಗುಂಡಿಗಳು ಹೆಚ್ಚೋ?’ ಎಂದು ಕೇಳಿದರೆ ಈ ವಯಸ್ಸಿನ ಬಹುತೇಕ ಮಕ್ಕಳು ‘ಕೆಂಪು’ ಎನ್ನುತ್ತಾರೆ. ಕೆಂಪೂ ಗುಂಡಿಯೇ ಆದ್ದರಿಂದ ಒಟ್ಟು ಗುಂಡಿಗಳೇ ಹೆಚ್ಚು, ಆದರೆ ಅವರು ಕೆಂಪನ್ನು ನೀಲಿಯೊಂದಿಗೆ ಮಾತ್ರ ಹೋಲಿಸುತ್ತಾರೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಗುರುತಿಸಿದ ಈ ತೊಡಕು ಬಿಡಿಸಿಕೊಳ್ಳಲು ಸುಮಾರು ಏಳು ವರ್ಷದವರೆಗೂ ಕಾಯಬೇಕಾಗಬಹುದು. ನಾನು ಎಲ್ಲ ಗುಂಡಿಗಳ ಸುತ್ತ ಒಂದು ದಾರ, ಅದರೊಳಗೆ ಕೆಂಪಿನ ಸುತ್ತ ಇನ್ನೊಂದು ದಾರ ಇಟ್ಟು, ‘ಕೆಂಪು ಗುಂಡಿಗಳು ದೊಡ್ಡ ದಾರದ ಒಳಗೂ ಇವೆಯೇ?’ ಎಂದು ಬೆರಳಾಡಿಸಿ ನೋಡಲು ಹೇಳುತ್ತೇನೆ. ಆಗಲೂ ‘ಕೆಂಪೇ ಹೆಚ್ಚು’ ಎಂದರೆ ಸರಿಯುತ್ತರವನ್ನು ಹೇಳಿಕೊಡದೆ, ಕೆಲವು ತಿಂಗಳು ಕಳೆದ ಮೇಲೆ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತೇನೆ.