ಅಣಬೆಯ ಕಾಂಡ ಉದ್ದ, ಕೊಡೆ ಚಿಕ್ಕದಾ? ಗಾಳಿ ಕೊಡಿ

ಮನೆಯಲ್ಲಿ ಚಿಪ್ಪಣಬೆ ಬೆಳೆಸುವವರಿಗೆ ಒಂದು ಸಲಹೆ. ಕಾಂಡ ಉದ್ದುದ್ದ ಬಂದು ಕೊಡೆ ಅಂಗಿ ಗುಂಡಿಯಷ್ಟೇ ಉಳಿದರೆ, ನೀರು ಸಾಲಲಿಲ್ಲ ಅಂತ ಇನ್ನಷ್ಟು ಸುರಿಯಬೇಡಿ. ಹೆಚ್ಚಾಗಿ ಅಲ್ಲಿ ಕೊರತೆ ಇರುವುದು ಗಾಳಿಯದ್ದು. ಅಣಬೆಯೂ ನಮ್ಮ ಹಾಗೇ ಉಸಿರಾಡುತ್ತದೆ, ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದು ಸುತ್ತ ತುಂಬಿಕೊಂಡರೆ ಕಾಂಡ ಎಳೆದುಕೊಳ್ಳುತ್ತದೆ, ಕೊಡೆ ಬಿಚ್ಚುವುದಿಲ್ಲ.

ಅಣಬೆ ಬೆಳೆಸುವ ಚೀಲದೊಳಗೆ ಅದರ ಬೇರಿನಂಥ ಬಿಳಿ ಎಳೆ ಹಬ್ಬುವಾಗ ಈ ತಲೆಬಿಸಿ ಇಲ್ಲ. ಆಗ ಕತ್ತಲೆ ಮೂಲೆಯೇ ಸಾಕು. ಸೂಜಿಮೊನೆಯಂಥ ಮೊಗ್ಗು ಕಂಡ ಕೂಡಲೇ ಜಾಗ ಬದಲಿಸಿ. ಕಿಟಕಿ ಹತ್ತಿರ, ನೇರ ಬಿಸಿಲು ಬೀಳದ ಕಡೆ ಇಡಿ. ಫ್ಯಾನಿನ ಎದುರು ಮಾತ್ರ ಬೇಡ. ಮೊಗ್ಗು ಒಣಗಿ, ಕಂದು ಬಣ್ಣಕ್ಕೆ ತಿರುಗಿ, ಅಲ್ಲೇ ನಿಂತುಬಿಡುತ್ತದೆ. ಸ್ಪ್ರೇ ಬಾಟಲಿಯಿಂದ ದಿನಕ್ಕೆ 2-3 ಸಲ ಸುತ್ತಲ ಗಾಳಿಗೆ ನೀರು ಸಿಂಪಡಿಸಿ. ಕೊಡೆ ಮೇಲೆ ನೀರು ನಿಂತರೆ ಹಳದಿ ಕಲೆ ಬಿದ್ದು ಲೋಳೆಯಾಗುತ್ತದೆ.

ಬಗ್ಗಿದ್ದ ಕೊಡೆಯ ಅಂಚು ಚಪ್ಪಟೆಯಾಗುತ್ತಾ ಬಂದಾಗ ಕೀಳಬೇಕು. ಇಡೀ ಗೊಂಚಲನ್ನು ಬುಡದಲ್ಲಿ ಹಿಡಿದು ತಿರುಚಿದರೆ ಸಲೀಸಾಗಿ ಬರುತ್ತದೆ. ಇನ್ನೂ ದೊಡ್ಡದಾಗಲಿ ಅಂತ ಕಾಯುವ ಆಸೆ ಸಹಜವೇ, ಅಲ್ವಾ? ಆದರೆ ಅಂಚು ಮೇಲಕ್ಕೆ ಮಡಚಿತೆಂದರೆ ಬೀಜಕಣ ಪುಡಿಯಂತೆ ಉದುರಿ ಕೋಣೆಯೆಲ್ಲ ಹರಡುತ್ತದೆ. ಕೆಲವರಿಗೆ ಅದರಿಂದ ಕೆಮ್ಮು, ಅಲರ್ಜಿ ಬರುತ್ತದೆ. ಹಾಗಾಗಿ ಮಲಗುವ ಕೋಣೆಯಲ್ಲಿ ಚೀಲ ಇಡಲೇಬೇಡಿ.

ಹಸಿರು ಬೂಷ್ಟು ಜಾಸ್ತಿ ಹಬ್ಬಿದ ಚೀಲವನ್ನು ಉಳಿಸಲು ಹೋಗುವುದು ಸುಮ್ನೆ ಶ್ರಮ. ಬಿಚ್ಚದೆ ಹಾಗೇ ಹೊರಗೆ ಸಾಗಿಸಿ.