ನಿವೇಶನ ಕೊಳ್ಳುವ ಮೊದಲು ಝೋನಿಂಗ್ ತಿಳಿದುಕೊಳ್ಳುವ ಬಗೆ

ಗ್ರೀಕ್ ಭಾಷೆಯಲ್ಲಿ ‘ಝೋನೆ’ ಎಂದರೆ ಸೊಂಟಕ್ಕೆ ಕಟ್ಟುವ ಪಟ್ಟಿ. ಸಂಸ್ಕೃತದಿಂದ ನಮಗೆ ಬಂದ ‘ವಲಯ’ಕ್ಕೆ ಮೂಲದಲ್ಲಿ ಬಳೆ ಎಂಬ ಅರ್ಥವಿದೆ. ಎರಡೂ ಸುತ್ತುಗಟ್ಟುವ ವಸ್ತುಗಳೇ ಆದ್ದರಿಂದ, ಝೋನಿಂಗ್ ಎಂಬುದಕ್ಕೆ ಸರ್ಕಾರಿ ಕಡತಗಳಲ್ಲಿ ಬಳಕೆಯಾಗುವ ‘ವಲಯೀಕರಣ’ ಎಂಬ ಪದ ಕೇಳಲು ಒರಟೆನಿಸಿದರೂ ಅರ್ಥದಲ್ಲಿ ಸರಿಯಾಗಿಯೇ ಹೊಂದುತ್ತದೆ. ಊರಿನ ನೆಲವನ್ನು ಭಾಗಗಳಾಗಿ ಸುತ್ತುಗಟ್ಟಿ, ಪ್ರತಿ ಭಾಗದಲ್ಲಿ ಏನನ್ನು ಕಟ್ಟಬಹುದು, ಎಷ್ಟು ಎತ್ತರಕ್ಕೆ ಕಟ್ಟಬಹುದು, ರಸ್ತೆಯಿಂದ ಎಷ್ಟು ಜಾಗ ಬಿಡಬೇಕು ಎಂದು ಕಾನೂನಿನ ಮೂಲಕ ಗೊತ್ತುಪಡಿಸುವುದೇ ಝೋನಿಂಗ್. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ನೈರುತ್ಯ ರೈಲ್ವೆಯೂ ಒಂದು ವಲಯವೇ, ಆದರೆ ಅದು ಆಡಳಿತದ ಅನುಕೂಲಕ್ಕಾಗಿ ಮಾಡಿಕೊಂಡ ವಿಭಾಗ. ಕರಾವಳಿಯ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಮತ್ತು ಬಂಡೀಪುರದ ಸುತ್ತಲಿನ ಪರಿಸರ ಸೂಕ್ಷ್ಮ ವಲಯ ಹಾಗಲ್ಲ. ಅವು ನೆಲದ ಬಳಕೆಗೇ ಮಿತಿ ಹಾಕುವುದರಿಂದ ಝೋನಿಂಗ್‌ನ ಹತ್ತಿರದ ಬಂಧುಗಳು.

ಕರ್ನಾಟಕದಲ್ಲಿ ಇದಕ್ಕೆ ಆಧಾರ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಇದರಡಿ ಆಯಾ ಯೋಜನಾ ಪ್ರಾಧಿಕಾರವು ಊರಿನ ನೆಲದ ಬಳಕೆಯನ್ನು ನಕ್ಷೆಯಲ್ಲಿ ತೋರಿಸುವ ಮಹಾಯೋಜನೆಯನ್ನೂ (ಮಾಸ್ಟರ್ ಪ್ಲ್ಯಾನ್) ವಲಯ ನಿಯಮಾವಳಿಯನ್ನೂ ರೂಪಿಸುತ್ತದೆ. ಹತ್ತು ವರ್ಷಗಳಿಗೊಮ್ಮೆ ಯೋಜನೆಯನ್ನು ಪರಿಷ್ಕರಿಸಬೇಕೆಂಬುದು ಕಾಯ್ದೆಯ ಆಶಯ. ಆದರೂ ಬೆಂಗಳೂರಿನಲ್ಲಿ 2007ರಲ್ಲಿ ಅನುಮೋದನೆಗೊಂಡ, 2015ನ್ನು ಗುರಿಯಾಗಿಸಿಕೊಂಡಿದ್ದ ಪರಿಷ್ಕೃತ ಮಹಾಯೋಜನೆಯೇ ಆ ವರ್ಷ ಕಳೆದ ಮೇಲೂ ಮುಂದುವರಿಯಿತು. 2017ರಲ್ಲಿ ಪ್ರಕಟವಾದ 2031ರ ಕರಡು ಜಾರಿಗೆ ಬರಲಿಲ್ಲ. ಮಧ್ಯವರ್ತಿಯೊಬ್ಬರು ಹೊಸ ಯೋಜನೆಯಲ್ಲಿ ಈ ಜಾಗ ಹಳದಿ, ಅಂದರೆ ವಸತಿ ವಲಯ, ಆಗುತ್ತದೆ ಎಂದು ಹೇಳಿದರೆ, ಜಾರಿಯಲ್ಲಿರುವ ನಕ್ಷೆಯಲ್ಲಿ ಅದರ ಬಣ್ಣ ಯಾವುದು ಎಂದಷ್ಟೇ ಕೇಳಬೇಕು.

ಪರಿಶೀಲನೆಯನ್ನು ಸರ್ವೆ ನಂಬರಿನಿಂದ ಆರಂಭಿಸಿ. ಮಾರುವವರು ಕೊಡುವ ಬಡಾವಣೆಯ ಹೆಸರಾಗಲಿ ಸೈಟ್ ಸಂಖ್ಯೆಯಾಗಲಿ ಮಹಾಯೋಜನೆಯಲ್ಲಿ ಸಿಗದಿರಬಹುದು. ಗ್ರಾಮ, ಹೋಬಳಿ, ತಾಲ್ಲೂಕು ಮತ್ತು ಸರ್ವೆ ನಂಬರನ್ನು ಪಹಣಿಯಿಂದ ಬರೆದುಕೊಂಡು, ಜಾಗದಲ್ಲೇ ನಿಂತು, ನಿಂತಲ್ಲಿನ ಸರ್ವೆ ನಂಬರನ್ನು ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಅದೇ ನಂಬರು ತೋರುತ್ತದೆಯೇ ಎಂದು ನೋಡಿಕೊಳ್ಳಿ. ಆನಂತರ ಆ ಜಾಗ ಯಾವ ಪ್ರಾಧಿಕಾರದ ವ್ಯಾಪ್ತಿಗೆ ಬರುತ್ತದೆಂದು ಖಚಿತಪಡಿಸಿಕೊಳ್ಳಬೇಕು. ಬೆಂಗಳೂರಿನ ಬಹುಭಾಗಕ್ಕೆ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ರೂಪಿಸಿದ ಯೋಜನೆಯಿದ್ದರೆ, ದೇವನಹಳ್ಳಿಯ ವಿಮಾನ ನಿಲ್ದಾಣದ ಸುತ್ತಲಿಗೆ ಬಯಾಪ ಎಂಬ ಬೇರೆಯೇ ಪ್ರಾಧಿಕಾರವಿದೆ. ಇತರ ಊರುಗಳಲ್ಲಿ ನಗರಾಭಿವೃದ್ಧಿ ಪ್ರಾಧಿಕಾರ ಅಥವಾ ಸ್ಥಳೀಯ ಯೋಜನಾ ಪ್ರಾಧಿಕಾರದ ಕಚೇರಿಯಲ್ಲಿ ವಿಚಾರಿಸಬೇಕು.

ನಕ್ಷೆ ಕೈಗೆ ಬಂದಾಗ ಮೊದಲು ಅದರ ಶೀರ್ಷಿಕೆಯನ್ನು ಓದಿ. ‘ಪ್ರಸ್ತುತ ಭೂ ಉಪಯೋಗ’ ಮತ್ತು ‘ಪ್ರಸ್ತಾವಿತ ಭೂ ಉಪಯೋಗ’ ಎಂಬ ಎರಡು ನಕ್ಷೆಗಳಿರುತ್ತವೆ, ಹೆಸರುಗಳು ಕಿವಿಗೆ ಒಂದೇ ತೆರನಾಗಿ ಕೇಳುವುದರಿಂದ ತಪ್ಪಾಗುವುದು ಬಹಳ ಸುಲಭ. ಮೊದಲನೆಯದು ಸಮೀಕ್ಷೆಯ ಹೊತ್ತಿಗೆ ಅಲ್ಲಿ ಏನಿತ್ತೆಂದು ಹೇಳುತ್ತದೆ. ನಿಮಗೆ ಬೇಕಾದದ್ದು ಎರಡನೆಯದು. ಸಾಮಾನ್ಯವಾಗಿ ಹಳದಿ ವಸತಿಗೆ, ನೀಲಿ ವಾಣಿಜ್ಯಕ್ಕೆ, ನೇರಳೆ ಕೈಗಾರಿಕೆಗೆ, ಕೆಂಪು ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ ಬಳಕೆಗೆ, ಹಸಿರು ಉದ್ಯಾನ ಮತ್ತು ಬಯಲಿಗೆ ಮೀಸಲು. ಆದರೂ ಪ್ರತಿ ನಕ್ಷೆಯ ಮೂಲೆಯಲ್ಲಿರುವ ಸೂಚಿಯನ್ನೇ ನಂಬಬೇಕು, ಏಕೆಂದರೆ ಹಸಿರಿನ ಒಂದು ಛಾಯೆ ಉದ್ಯಾನವಾಗಿ ಇನ್ನೊಂದು ಛಾಯೆ ಕೃಷಿ ವಲಯವಾಗಿರಬಹುದು, ಮತ್ತು ಮುಸುಕಾದ ಜೆರಾಕ್ಸ್ ಪ್ರತಿಯಲ್ಲಿ ಈ ವ್ಯತ್ಯಾಸ ಉಳಿಯುವುದೇ ಇಲ್ಲ.

ಬಣ್ಣ ಹಳದಿಯಿದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಯೋಜಿತ ರಸ್ತೆಯ ಗೆರೆ ನಿವೇಶನದ ಮೇಲೆ ಹಾದುಹೋಗಿರಬಹುದು, ಕೆರೆಯೋ ರಾಜಕಾಲುವೆಯೋ ಪಕ್ಕದಲ್ಲಿರಬಹುದು. ಬೆಂಗಳೂರಿನ 2015ರ ಯೋಜನೆ ಕೆರೆಗೆ 30 ಮೀಟರ್, ಪ್ರಾಥಮಿಕ ಕಾಲುವೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್, ಏನನ್ನೂ ಕಟ್ಟದೆ ಬಿಡಬೇಕಾದ ಮೀಸಲು ಪ್ರದೇಶವನ್ನು ಹೇಳಿತು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ಹೆಚ್ಚಿಸಿತು, 2019ರಲ್ಲಿ ಸುಪ್ರೀಂ ಕೋರ್ಟ್ ಆ ಹೆಚ್ಚಳವನ್ನು ರದ್ದುಪಡಿಸಿತು. ಹೀಗೆ ಅಳತೆಗಳು ಬದಲಾಗುತ್ತಲೇ ಇರುವುದರಿಂದ, ನೀವು ಕೊಳ್ಳುವ ದಿನ ಜಾರಿಯಲ್ಲಿರುವ ಅಳತೆಯನ್ನು ಪ್ರಾಧಿಕಾರದಿಂದಲೇ ಕೇಳಿ ಪಡೆಯಬೇಕು. ಮಳೆನೀರು ಹರಿಯುವ ದಾರಿಯಲ್ಲಿ ಮನೆ ಕಟ್ಟಿದವರ ಸಂಕಟವನ್ನು ನಾವೆಲ್ಲ ಕಂಡಿದ್ದೇವೆ. ಈ ಒಂದು ವಿಷಯದಲ್ಲಿ ಆತುರ ಖಂಡಿತ ಬೇಡ.

ನನ್ನ ಪ್ರಕಾರ ಅತಿ ಹೆಚ್ಚು ಜನರನ್ನು ದಾರಿ ತಪ್ಪಿಸುವುದು ಮೂರು ಬೇರೆ ಬೇರೆ ಕಾಗದಗಳನ್ನು ಒಂದೆಂದು ಭಾವಿಸುವ ಅಭ್ಯಾಸ. ಡಿಸಿ ಕನ್ವರ್ಷನ್ ಎಂದು ನಾವು ಕರೆಯುವ ಭೂ ಪರಿವರ್ತನೆಯು 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ಬಿಟ್ಟುಕೊಡುವ ಆದೇಶ. ಖಾತೆಯು ಆಸ್ತಿ ತೆರಿಗೆಗಾಗಿ ಸ್ಥಳೀಯ ಸಂಸ್ಥೆ ಇಡುವ ದಾಖಲೆ. ಝೋನಿಂಗ್ ಯೋಜನಾ ಕಾಯ್ದೆಗೆ ಸೇರಿದ್ದು. ಖಾತೆ ಇದೆಯೆಂಬ ಕಾರಣಕ್ಕೆ ಕೃಷಿ ವಲಯ ವಸತಿ ವಲಯವಾಗುವುದಿಲ್ಲ. ವಸತಿ ವಲಯದಲ್ಲಿದೆಯೆಂಬ ಕಾರಣಕ್ಕೆ ಬಡಾವಣೆಗೆ ಅನುಮೋದನೆ ಸಿಕ್ಕಿದೆಯೆಂದೂ ಅಲ್ಲ. ರೆವಿನ್ಯೂ ಸೈಟ್, ಅಂದರೆ ಬಡಾವಣೆಗೆ ಅನುಮೋದನೆ ಪಡೆಯದೆ ಮಾರಿದ ನಿವೇಶನ, ಕೊಂಡು ಜೀವಮಾನದ ಉಳಿತಾಯವನ್ನು ಸಿಕ್ಕಿಸಿಕೊಂಡ ಕುಟುಂಬಗಳ ಬಳಿ ಇವುಗಳಲ್ಲಿ ಒಂದೋ ಎರಡೋ ಕಾಗದ ಇದ್ದೇ ಇರುತ್ತದೆ.

ಆದ್ದರಿಂದ ಮುಂಗಡ ಕೊಡುವ ಮೊದಲೇ ಸರ್ವೆ ನಂಬರು ಮತ್ತು ಪಹಣಿಯ ಪ್ರತಿಯೊಂದಿಗೆ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಿ, ಶುಲ್ಕ ಕಟ್ಟಿ, ಜಾಗದ ಭೂ ಉಪಯೋಗವನ್ನು ಲಿಖಿತವಾಗಿ ಪಡೆಯಿರಿ. ನೆಲಮಹಡಿಯಲ್ಲಿ ಅಂಗಡಿ, ಕ್ಲಿನಿಕ್ ಅಥವಾ ಪಿ.ಜಿ. ನಡೆಸುವ ಉದ್ದೇಶವಿದ್ದರೆ, ವಲಯ ನಿಯಮಾವಳಿಯಲ್ಲಿ ಆ ಬಳಕೆಗೆ ಎಷ್ಟು ಅಗಲದ ರಸ್ತೆ ಬೇಕೆಂದು ನೋಡಿ, ಮನೆಯ ಮುಂದಿನ ರಸ್ತೆಯನ್ನು ನೀವೇ ಟೇಪು ಹಿಡಿದು ಅಳೆಯಿರಿ.

ವಲಯವನ್ನು ಬದಲಾಯಿಸಲು ಯೋಜನಾ ಕಾಯ್ದೆಯ 14ಎ ಕಲಮಿನಲ್ಲಿ ಅವಕಾಶವಿದೆ. ಬದಲಾವಣೆ ಸಾರ್ವಜನಿಕ ಹಿತಕ್ಕೆ ಅನುಗುಣವಾಗಿರಬೇಕು ಮತ್ತು ಪ್ರಸ್ತಾವವನ್ನು ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. ಈ ಕಲಮು ಅರ್ಜಿದಾರರಿಗೆ ಎಷ್ಟು ಉಪಯುಕ್ತವೋ ನೆರೆಯವರಿಗೂ ಅಷ್ಟೇ ಉಪಯುಕ್ತ. ನಿಮ್ಮ ಬೀದಿಯ ಸರ್ವೆ ನಂಬರು ಅಂಥ ಪ್ರಕಟಣೆಯಲ್ಲಿ ಕಂಡರೆ, ಅದರಲ್ಲಿ ಹೇಳಿದ ಅವಧಿಯೊಳಗೆ ರಸ್ತೆಯ ಅಗಲ, ನೀರು, ಒಳಚರಂಡಿ, ವಾಹನ ನಿಲುಗಡೆಯಂಥ ನಿರ್ದಿಷ್ಟ ಕಾರಣಗಳನ್ನು ಬರೆದು ಆಕ್ಷೇಪಣೆ ಸಲ್ಲಿಸಿ, ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಸ್ವೀಕೃತಿ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡು ಬನ್ನಿ.